ಗುಂಡಿನ ಅಳತೆಯಲ್ಲಿ ಮಲೆನಾಡಿನ ಕೋವಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟದ ಮನೆಗಳಿಗೆ ಕೋವಿ ಹೊಸದೇನೂ ಅಲ್ಲ. ಹಂದಿ, ಮಂಗ, ಗದ್ದೆಗಿಳಿಯುವ ಕಾಟಿಗಳನ್ನು ಓಡಿಸಲು ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಒಂದು ಕೋವಿ, ಅದರೊಂದಿಗೆ ಅಂಚು ಸವೆದ ಲೈಸೆನ್ಸ್ ಪುಸ್ತಕ. ಜಮೀನಿನ ಕಾಗದಪತ್ರಗಳ ಜೊತೆಗೇ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಅವು ಬಂದಿವೆ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಹಾರೆಗಳ ಪಕ್ಕದಲ್ಲಿ ಕೋವಿಗೂ ಕುಂಕುಮ ಬೀಳುತ್ತದೆ. ಇಷ್ಟು ಕೋವಿಗಳಿದ್ದರೂ ಹಳೆಯ ಸೈನ್ಯದ ರಿವಾಲ್ವರುಗಳನ್ನು, ಅವುಗಳ ಕಾಲದ್ದೇ ಆದ ತೋಟೆಗಳನ್ನು ಕೂಡಿಸಿಡುವ ಹವ್ಯಾಸ ಈ ಸೀಮೆಯಲ್ಲಿ ಬೇರೂರಲೇ ಇಲ್ಲ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಈ ಹವ್ಯಾಸಕ್ಕೆ ದೊಡ್ಡ ಬಳಗವಿದೆ. ಮೊದಲ ಮಹಾಯುದ್ಧದ ವೆಬ್ಲಿ ರಿವಾಲ್ವರ್ ಕೊಂಡವರು ಅದೇ ವರ್ಷದ ಮುದ್ರೆಯಿರುವ ತೋಟೆಯ ಪೊಟ್ಟಣಕ್ಕಾಗಿ ಹುಡುಕಾಡುತ್ತಾರೆ. ನಮ್ಮಲ್ಲಿ ಅದು ಯಾಕಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ರೈತನಿಗೆ ರಿವಾಲ್ವರ್ ಯಾಕೆ ಬೇಕು ಎನ್ನುವುದು ಒಂದು, ಮಲೆನಾಡಿನವರು ಸೈನ್ಯದ ಜನವಲ್ಲ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಉತ್ತರವಲ್ಲ ಎಂದು ನನಗೆ ತೋರುತ್ತದೆ. ಮಲೆನಾಡಿನ ಮನೆಯಲ್ಲಿ ಯಾವ ಕೋವಿ ಇರಬೇಕು, ಯಾವುದು ಇರಬಾರದು ಎಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಅದರ ನಳಿಗೆಯಲ್ಲಿ ಯಾವ ಗುಂಡು ಕೂರುತ್ತದೆ ಎಂಬ ಪ್ರಶ್ನೆ. ಬ್ರಿಟಿಷರ ಕಾಲದಿಂದ ಇವತ್ತಿನವರೆಗೆ ಸರ್ಕಾರಗಳು ಕಾದದ್ದು ಕೋವಿಯನ್ನು ಎನ್ನುವುದಕ್ಕಿಂತ ಗುಂಡನ್ನು ಎನ್ನುವುದೇ ಸರಿ.

ರಿವಾಲ್ವರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬ್ರಿಟಿಷ್ ಸೈನ್ಯ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ರಿವಾಲ್ವರನ್ನು ತನ್ನದಾಗಿ ಒಪ್ಪಿಕೊಂಡದ್ದು 1887ರಲ್ಲಿ. ಅದರ ತೋಟೆ .455, ಎಂದರೆ ಇಂಚಿನ ಸಾವಿರದಲ್ಲಿ 455 ಪಾಲಿನ ಅಳತೆಯದು. 1915ರಲ್ಲಿ ಬಂದ ಆರನೆಯ ಮಾದರಿ ಮೊದಲ ಮಹಾಯುದ್ಧದ ಅಧಿಕಾರಿಗಳ ಸೊಂಟಕ್ಕೆ ಬಿತ್ತು. 1930ರ ದಶಕದಲ್ಲಿ ಅದರ ಜಾಗಕ್ಕೆ ಸ್ವಲ್ಪ ಸಣ್ಣ ಅಳತೆಯ ಎನ್‌ಫೀಲ್ಡ್ ಬಂತು. ಅದರ ತೋಟೆಯನ್ನು ಸೈನ್ಯದ ಕಾಗದಪತ್ರಗಳು .380 ಎಂದು ಕರೆದವು. ಆ ಸೈನ್ಯದಲ್ಲಿ ಅಧಿಕಾರಿಗಳು ರಿವಾಲ್ವರನ್ನು ಸ್ವಂತ ದುಡ್ಡಿನಿಂದ ಕೊಳ್ಳುವ ರೂಢಿಯಿತ್ತು. ಯಾವ ಅಂಗಡಿಯಲ್ಲಿ ಬೇಕಾದರೂ, ಯಾವ ಕಂಪನಿಯದಾದರೂ ಕೊಳ್ಳಬಹುದಿತ್ತು. ಷರತ್ತು ಒಂದೇ, ಸರ್ಕಾರಿ ಉಗ್ರಾಣದ ತೋಟೆ ಅದರಲ್ಲಿ ಕೂರಬೇಕು. ಆಯುಧ ಯಾರದ್ದಾದರೂ ಆಗಲಿ, ಗುಂಡು ಮಾತ್ರ ಸರ್ಕಾರದ್ದು ಎಂಬ ಈ ಏರ್ಪಾಟು ಸೈನ್ಯಕ್ಕೆ ಅನುಕೂಲವಾಗಿತ್ತು. ಅದೇ ಏರ್ಪಾಟನ್ನು ತಿರುಗಿಸಿ ಹಿಡಿದರೆ ಊರಿನವರಿಗೆ ಬಾಗಿಲು ಮುಚ್ಚುತ್ತದೆ. ಸರ್ಕಾರಿ ಉಗ್ರಾಣದ ತೋಟೆ ಕೂರುವ ಯಾವ ಆಯುಧವೂ ಖಾಸಗಿ ಮನೆಯಲ್ಲಿ ಇರಕೂಡದು, ಏಕೆಂದರೆ ಅಂಥ ಮನೆಗೂ ಉಗ್ರಾಣಕ್ಕೂ ನಡುವೆ ಒಂದು ಕಳ್ಳತನದಷ್ಟೇ ದೂರ.

ಈ ಭಯ ಹುಟ್ಟಿದ್ದು 1857ರಲ್ಲಿ. ದಂಗೆಯ ಕಿಡಿ ಹೊತ್ತಿದ್ದೇ ಎನ್‌ಫೀಲ್ಡ್ ಕೋವಿಯ ತೋಟೆಯಿಂದ ಎಂಬುದನ್ನು ಶಾಲೆಯ ಮಕ್ಕಳೂ ಓದಿದ್ದಾರೆ. ದಂಗೆ ಅಡಗಿದ ಮೇಲೆ ಬ್ರಿಟಿಷರು ಮಾಡಿದ ಒಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಭಾರತೀಯ ಸಿಪಾಯಿಗಳಿಗಾಗಿ ಅದೇ ಎನ್‌ಫೀಲ್ಡ್ ಕೋವಿಯನ್ನು ಹೊಸದಾಗಿ ಮಾಡಿಸಿದರು. ಹೊರಗಿನಿಂದ ನೋಡಿದರೆ ದೊಡ್ಡ ವ್ಯತ್ಯಾಸ ಕಾಣದು. ಒಳಗೆ ಮಾತ್ರ ನಳಿಗೆಯ ಸುರುಳಿ ಗೆರೆಗಳಿಲ್ಲ, ನುಣುಪು. ಸುರುಳಿ ಗೆರೆಯಿದ್ದರೆ ಗುಂಡು ತಿರುಗುತ್ತಾ ಹೋಗಿ ದೂರದ ಗುರಿಗೆ ತಾಗುತ್ತದೆ, ಇಲ್ಲದಿದ್ದರೆ ಸ್ವಲ್ಪ ದೂರದಲ್ಲೇ ದಾರಿ ತಪ್ಪುತ್ತದೆ. ಗೋರಾ ಸೈನಿಕನ ಕೈಗೆ ಮಾರ್ಟಿನಿ-ಹೆನ್ರಿ ಬಂದಾಗ ಭಾರತೀಯ ಸಿಪಾಯಿಗೆ ಅದರ ಹಿಂದಿನ ತಲೆಮಾರಿನ ಸ್ನೈಡರ್ ಸಿಕ್ಕಿತು. 1878ರಲ್ಲಿ ವೈಸರಾಯ್ ಲಿಟನ್ ತಂದ ಆಯುಧ ಕಾಯಿದೆ ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿತು. 1907ರಲ್ಲಿ ಇನ್ನೊಂದು ಹೆಜ್ಜೆ ಬಿತ್ತು. ಮಾರ್ಟಿನಿಯ .450 ಅಳತೆಗೆ ಹೊಂದುವ ಬೇಟೆ ರೈಫಲುಗಳನ್ನೂ ತೋಟೆಗಳನ್ನೂ ಭಾರತಕ್ಕೆ ತರಬಾರದೆಂದಾಯಿತು, ಬಂಡುಕೋರರ ಕೈಯಲ್ಲಿದ್ದ ಹಳೆಯ ಮಾರ್ಟಿನಿಗಳಿಗೆ ಆಹಾರ ಸಿಗಬಾರದು ಎಂಬುದೇ ಕಾರಣ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕರಿಗೆ ಇದು ದೊಡ್ಡ ಪೆಟ್ಟು. ಆನೆ, ಹುಲಿ ಹೊಡೆಯುವ ರೈಫಲುಗಳಿಗೆ ಭಾರತವೇ ಮುಖ್ಯ ಮಾರುಕಟ್ಟೆ. ಅವರು ಕೈಕಟ್ಟಿ ಕೂರದೆ .465, .470, .475, .476 ಎಂದು ಹೊಸ ಹೊಸ ಅಳತೆಗಳನ್ನು ಹುಟ್ಟಿಸಿದರು. ಇವತ್ತಿಗೂ ಪ್ರಪಂಚದ ದೊಡ್ಡ ಬೇಟೆ ರೈಫಲುಗಳ ಪಟ್ಟಿಯಲ್ಲಿರುವ ಈ ವಿಚಿತ್ರ ಅಂಕಿಗಳು ಭಾರತದ ಒಂದು ಸರ್ಕಾರಿ ಆಜ್ಞೆಯ ಮಕ್ಕಳು. ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ ರಿಗ್ಬಿ ರೈಫಲ್ .275 ಅಳತೆಯದು. ನಮ್ಮ ಮೈಸೂರು ಸೀಮೆಯ ಕಾಡುಗಳಲ್ಲಿ ಅಲೆದ ಕೆನೆತ್ ಆಂಡರ್ಸನ್ ನೆಚ್ಚಿಕೊಂಡದ್ದು ಅಮೆರಿಕದ .405 ವಿಂಚೆಸ್ಟರ್. ಎರಡೂ ಸರ್ಕಾರಿ ತೋಟೆ ಕೂರದ ರೈಫಲುಗಳು.

ಮಲೆನಾಡಿನ ಈ ಭಾಗ ಆಗ ಬ್ರಿಟಿಷ್ ಇಂಡಿಯಾ ಅಲ್ಲ, ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಶೃಂಗೇರಿ ಮಠದ ಜಹಗೀರು. ನರಸಿಂಹರಾಜಪುರ ಆಗಿನ್ನೂ ಎಡೇಹಳ್ಳಿ, 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ಮೇಲೆ ಅವರ ಹೆಸರು ಪಡೆದ ಊರು. ಸಂಸ್ಥಾನದ ಪ್ರಜೆಗಳಿಗೆ ಬ್ರಿಟಿಷ್ ಕಾಯಿದೆಯ ಬಿಗಿ ತಟ್ಟಿರಲಿಕ್ಕಿಲ್ಲ ಎಂದು ಯಾರಾದರೂ ಊಹಿಸಬಹುದು. ಆದರೆ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬರೆಸಿಕೊಂಡ ಹಸ್ತಾಂತರ ಪತ್ರದಲ್ಲೇ ಇದರ ಬಗ್ಗೆ ಒಂದು ಷರತ್ತಿತ್ತು. ಗವರ್ನರ್ ಜನರಲ್ಲರ ಒಪ್ಪಿಗೆಯಿಲ್ಲದೆ ಮಹಾರಾಜರು ಆಯುಧ, ಮದ್ದುಗುಂಡು, ಸೈನ್ಯದ ಸಾಮಗ್ರಿಗಳನ್ನು ತರಿಸುವಂತಿಲ್ಲ, ಇತರರು ತರಲು ಬಿಡುವಂತಿಲ್ಲ, ಕೇಳಿದಾಗ ಅವುಗಳ ತಯಾರಿಕೆಯನ್ನೂ ನಿಲ್ಲಿಸಬೇಕು. ರಾಜ್ಯ ಕೊಟ್ಟರೂ ಗುಂಡಿನ ಬೀಗದ ಕೈ ಕೊಡಲಿಲ್ಲ. ಇದೇ ಕಾಲದಲ್ಲಿ ಯುರೋಪಿಯನ್ ಕಾಫಿ ಪ್ಲಾಂಟರುಗಳ ಸ್ವಯಂಸೇವಕ ಪಡೆಯೊಂದಿತ್ತು, ಹೆಸರು ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್. ಸೈನ್ಯದ ಅಳತೆಯ ಆಯುಧ ಈ ಬೆಟ್ಟಗಳಿಗೆ ಬಂದದ್ದು ಅಂಥವರ ಮೂಲಕ, ಅವರೊಂದಿಗೇ ಹೋಯಿತು. ಊರಿನ ಪಟೇಲ, ತೋಟದ ಹೆಗ್ಗಡೆ, ಮಠದ ಶಾನುಭೋಗರಿಗೆ ಅದು ಬಳುವಳಿಯಾಗಿ ಉಳಿಯುವ ದಾರಿ ಇರಲಿಲ್ಲ.

ಊರಿನವರಿಗೆ ಉಳಿದದ್ದು ಕೇಪಿನ ಕೋವಿ. ಅದರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ನನ್ನ ವಾದ ಇನ್ನಷ್ಟು ಸ್ಪಷ್ಟವಾದೀತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ನಳಿಗೆಯ ಬಾಯಿಗೆ ಅಳತೆ ನೋಡಿ ಕರಿಮದ್ದು ಸುರಿಯಬೇಕು. ಮೇಲೆ ತೆಂಗಿನ ಕತ್ತವನ್ನೋ ಹಳೆ ಬಟ್ಟೆಯ ಚೂರನ್ನೋ ಉಂಡೆ ಮಾಡಿ ತುರುಕಿ ಸಲಾಕೆಯಿಂದ ಜಡಿಯಬೇಕು. ಸಡಿಲವಾದರೆ ಮದ್ದು ಬರಿದೆ ಉರಿದುಹೋಗುತ್ತದೆ, ಸಲಾಕೆ ಕೈಗೆ ಪುಟಿಯುವ ತನಕ ಜಡಿದರೇ ಸರಿ. ಅದರ ಮೇಲೆ ಚರೆ, ಹಂದಿಗಾದರೆ ಸೀಸದ ಒಂದು ಗುಂಡು. ಅದು ಉರುಳಿ ಬೀಳದಂತೆ ಮತ್ತೊಂದು ಕತ್ತದ ಉಂಡೆ. ಕೊನೆಗೆ ಹಿಂದಿನ ತೂತಿನ ತೊಟ್ಟಿನ ಮೇಲೆ ಬೆರಳ ತುದಿಯಷ್ಟೂ ಇಲ್ಲದ ತಾಮ್ರದ ಕೇಪನ್ನು ಕೂರಿಸಿ ಕುದುರೆ ಎತ್ತಬೇಕು. ಕುದುರೆ ಬಿದ್ದು ಕೇಪು ಸಿಡಿದರೆ ಕಿಡಿ ಒಳಗಿಳಿದು ಈಡು ಹಾರುತ್ತದೆ. ಒಂದು ಈಡಿಗೆ ಇಷ್ಟು ಕೆಲಸ, ಎರಡನೆಯ ಈಡಿಗೆ ಮತ್ತೆ ಮೊದಲಿನಿಂದ. ಈ ಇಡೀ ವ್ಯವಸ್ಥೆಯಲ್ಲಿ ಕಾರ್ಖಾನೆಯಿಂದಲೇ ಬರಬೇಕಾದದ್ದು ಕೇಪು ಒಂದೇ. ಮಿಕ್ಕದ್ದು ಊರಿನಲ್ಲೇ ಆಗುತ್ತದೆ, ಸೀಸವನ್ನು ಮನೆಯಲ್ಲೇ ಕರಗಿಸಿ ಎರಕ ಹೊಯ್ಯಬಹುದು, ನಳಿಗೆ ಬಿರುಕು ಬಿಟ್ಟರೆ ಕಮ್ಮಾರ ನೋಡಿಯಾನು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಮನೆಯ ಕೋವಿ ಎಂದರೆ ಇಂಥ ಶಿಕಾರಿಯ ಕೋವಿಯೇ. ಸರ್ಕಾರಕ್ಕೂ ಇದರಿಂದ ಆತಂಕವಿರಲಿಲ್ಲ. ನಿಮಿಷಕ್ಕೊಂದು ಈಡು ಹೊಡೆಯುವ, ಉಗ್ರಾಣದ ಯಾವ ತೋಟೆಯನ್ನೂ ನುಂಗಲಾರದ ಕೋವಿ ಹಂದಿಗೆ ಸಾಕು, ಪಲ್ಟನ್ನಿಗೆ ಸಾಲದು.

ಸ್ವಾತಂತ್ರ್ಯ ಬಂದ ಮೇಲೆ ಈ ಎಣಿಕೆ ಬದಲಾಗಬಹುದಿತ್ತು. ಬದಲಾಗಲಿಲ್ಲ, ಇನ್ನೂ ಖಚಿತವಾಯಿತು. 1959ರ ಆಯುಧ ಕಾಯಿದೆ 1962ರ ಅಕ್ಟೋಬರಿನಿಂದ ಜಾರಿಗೆ ಬಂತು. ಅದರ 13ನೆಯ ಕಲಮು ಮಲೆನಾಡಿನ ರೈತನನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದಂತಿದೆ. ಆತ್ಮರಕ್ಷಣೆಗೆ ಅಥವಾ ಬೇಟೆಯ ಆಟಕ್ಕೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ, ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೆಳೆ ಕಾಯಲು ಬೇರೆ ನುಣುಪು ನಳಿಗೆಯದು. ಎಂದರೆ ಕೇಪಿನ ಕೋವಿ ನಮ್ಮಲ್ಲಿ ಉಳಿದದ್ದು ಹಳೆಯ ಕಾಲದ ಮೇಲಿನ ಮಮತೆಯಿಂದಲ್ಲ, ಕಾಯಿದೆಯೇ ಅದರ ಹೆಸರು ಹಿಡಿದು ಬೆಳೆಗಾರನಿಗೆ ಕೊಟ್ಟಿತು. ಅದೇ ಕಾಯಿದೆಯಡಿ ಬಂದ ನಿಯಮಗಳ ಪಟ್ಟಿಯ ಮೊದಲ ವರ್ಗದಲ್ಲಿ ನಿಷೇಧಿತ ಆಯುಧಗಳಿವೆ. ಅಲ್ಲಿ .303 ರೈಫಲ್ ಇದೆ, .410 ಮಸ್ಕೆಟ್ ಇದೆ. ಅಲ್ಲೇ, .380 ಅಥವಾ .455 ಅಂಚಿನ ತೋಟೆ ಇಲ್ಲವೇ ಸೈನ್ಯದ 9 ಎಂಎಂ ತೋಟೆ ಕೂತು ಹಾರಬಲ್ಲ ಯಾವುದೇ ಬೋರಿನ ಪಿಸ್ತೂಲು, ರಿವಾಲ್ವರುಗಳೂ ಇವೆ. ನಿಯಮ ವೆಬ್ಲಿ ಎನ್ನುವುದಿಲ್ಲ, ಎನ್‌ಫೀಲ್ಡ್ ಎನ್ನುವುದಿಲ್ಲ, ಯಾವ ವರ್ಷದ್ದು ಎಂದೂ ಕೇಳುವುದಿಲ್ಲ. ಸರ್ಕಾರಿ ತೋಟೆ ಕೂರುತ್ತದೆಯೇ ಎಂಬುದೊಂದನ್ನೇ ಕೇಳುತ್ತದೆ. ಇವಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗಿಲ್ಲ, ದಿಲ್ಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು. ಇಶಾಪುರದ ಸರ್ಕಾರಿ ಕಾರ್ಖಾನೆ ಜನರಿಗೆ ಮಾರಲು .315 ರೈಫಲ್ ಮಾಡಿದಾಗಲೂ ಇದೇ ತರ್ಕ. ಸೈನ್ಯದ ಲೀ-ಎನ್‌ಫೀಲ್ಡಿನದೇ ಮೈಕಟ್ಟು, ಆದರೆ ನಮ್ಮ ಸೈನ್ಯದ ತೋಟೆ ಕೂರದ ನಳಿಗೆ. ಕಾನ್ಪುರದಲ್ಲಿ ಜನರಿಗಾಗಿ ತಯಾರಾದ ರಿವಾಲ್ವರಿನ ಅಳತೆ .32 ಆದದ್ದೂ ಹೀಗೆಯೇ.

ಇದಕ್ಕೆ ಮೊದಲ ಆಕ್ಷೇಪ ಹಣದ್ದು. ಕಾಯಿದೆಯ ಮಾತು ಯಾಕೆ, ಬಡ ರೈತ ಅಗ್ಗದ ಕೇಪಿನ ಕೋವಿ ಕೊಂಡ, ಅಷ್ಟೇ ಎನ್ನಬಹುದು. ಇದರಲ್ಲಿ ನಿಜವಿದೆ. ಹಣ ಒಂದೇ ಅಲ್ಲ, ಮಳೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಈ ಸೀಮೆಯಲ್ಲಿ ಹಿಂದಿನ ಕಾಗದದ ಕವಚದ ಹನ್ನೆರಡು ಬೋರಿನ ತೋಟೆ ಥಂಡಿಗೆ ಉಬ್ಬಿ ನಳಿಗೆಗೆ ಹೋಗದೆ ಕೈಕೊಡುತ್ತಿತ್ತು. ಹೊಗೆ ಅಟ್ಟದ ಬಿಸಿಯಲ್ಲಿಟ್ಟ ಕರಿಮದ್ದನ್ನು ಬೇಕಾದಾಗ ಬೇಕಾದಷ್ಟೇ ಸುರಿದುಕೊಳ್ಳುವುದು ಎಷ್ಟೋ ವಾಸಿ. ಕೇಪಿನ ಕೋವಿ ನೂರಾರು ಸಣ್ಣ ಹಿಡುವಳಿದಾರರ ಮನೆಯಲ್ಲಿ ಉಳಿದದ್ದಕ್ಕೆ ಇವೆಲ್ಲ ಕಾರಣವಾಗಿರಲೇಬೇಕು. ಆದರೆ ಹಣದ ವಾದ ದೊಡ್ಡ ಮನೆಗಳ ಮುಂದೆ ನಿಲ್ಲುವುದಿಲ್ಲ. ಅಡಿಕೆ, ಕಾಫಿ, ಏಲಕ್ಕಿಯಲ್ಲಿ ಕೈತುಂಬ ದುಡ್ಡು ಕಂಡವರು ಕೊಳ್ಳಬಹುದಾಗಿದ್ದದ್ದು ವಿಲಾಯತಿ ಜೋಡಿ ನಳಿಗೆ, ಹೆಚ್ಚೆಂದರೆ ಬೇಟೆಯ ರೈಫಲ್. ಅವರಿಗೂ ಸೈನ್ಯದ .303 ಅಥವಾ .455 ದಕ್ಕುವಂತಿರಲಿಲ್ಲ. ಹಣ ಬಡವನನ್ನು ತಡೆದಿರಬಹುದು, ಬಡವ ಬಲ್ಲಿದ ಇಬ್ಬರನ್ನೂ ಒಂದೇ ಗೆರೆಯಲ್ಲಿ ತಡೆದದ್ದು ತೋಟೆಯ ನಿಯಮ.

ಎರಡನೆಯ ಆಕ್ಷೇಪ ಕೊಡಗಿನ ಕಡೆಯಿಂದ ಬರುತ್ತದೆ. ಅಲ್ಲಿ ಕೋವಿ ಮನೆತನದ ಮರ್ಯಾದೆ, ಕೈಲ್‌ಪೋಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ದೇವರು. ನಮ್ಮಲ್ಲಿ ಅದು ಬೆಳೆ ಕಾಯುವ ಉಪಕರಣ. ಈ ವ್ಯತ್ಯಾಸಕ್ಕೆ ಕಾರಣ ಜನರ ಸ್ವಭಾವ, ಕ್ಷಾತ್ರ ಎನ್ನುವವರಿದ್ದಾರೆ. ಕೊಡವರ ಶೌರ್ಯವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ನಿರಾಯುಧಗೊಳಿಸುವ ಕಾಯಿದೆಯಿಂದ ಬಿಟ್ಟದ್ದು 1857ರಲ್ಲಿ ಅವರು ತೋರಿದ ನಿಷ್ಠೆಗೆ ಪ್ರತಿಯಾಗಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ಲೈಸೆನ್ಸಿನ ಹಂಗಿಲ್ಲದೆ ನೂರೈವತ್ತಕ್ಕೂ ಹೆಚ್ಚು ವರ್ಷ ಕೋವಿ ಇಟ್ಟುಕೊಂಡ ಸಮುದಾಯದಲ್ಲಿ ಅದರ ಸುತ್ತ ಹಾಡು, ಹಬ್ಬ, ಸ್ಪರ್ಧೆ ಗಟ್ಟಿಯಾಗಿ ಉಳಿದವು. ಪ್ರತಿ ನವೀಕರಣಕ್ಕೂ ತಾಲ್ಲೂಕು ಕಚೇರಿ, ಠಾಣೆ ಎಂದು ಅಲೆಯಬೇಕಾದ ಸಮುದಾಯದಲ್ಲಿ ಅದು ಕಪಾಟಿನೊಳಗೆ ಸರಿಯಿತು. ಇನ್ನು ಕೊಪ್ಪ–ಶೃಂಗೇರಿ ಸೀಮೆಗೆ ಸೈನ್ಯದ ಆಯುಧ ಎಂದರೇನೆಂದು ಗೊತ್ತಿರಲಿಲ್ಲ ಎಂದಲ್ಲ. 1791ರಲ್ಲಿ ಮರಾಠಾ ಪಡೆಯ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು, ಅದನ್ನು ಮತ್ತೆ ಎತ್ತಿ ನಿಲ್ಲಿಸಲು ನೆರವಾದ ಟಿಪ್ಪುವಿನ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇಲ್ಲಿಯವರಿಗೆ ಸೈನ್ಯದ ಆಯುಧ ಹೊರಗಿನಿಂದ ಬಂದು ಹೋಗುವಂಥದ್ದು. ಮನೆಯಲ್ಲಿ ಉಳಿದು ಮೊಮ್ಮಕ್ಕಳ ಕೈಗೆ ಬರುವಂಥದ್ದಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಕಾಯಿದೆ ಕಾಯಿದೆ ಎನ್ನುತ್ತೀರಿ, ಕಾಯಿದೆ ಮುರಿಯುವವರಿಗೆ ಅದು ತಡೆಯಾಯಿತೇ? ಇದೇ ಮಣ್ಣಿನಲ್ಲಿ ನಕ್ಸಲ್ ಚಳವಳಿ ಎರಡು ದಶಕ ನಡೆಯಿತು. 2005ರ ಫೆಬ್ರುವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿಯಲ್ಲಿ ಕೊನೆಯ ತಂಡ ಶರಣಾದ ಬೆನ್ನಿಗೇ ಅದೇ ತಾಲ್ಲೂಕಿನ ಜಯಪುರದ ಕಾಡಿನಲ್ಲಿ ಅವರು ಬಚ್ಚಿಟ್ಟಿದ್ದ ಆಯುಧಗಳು ಸಿಕ್ಕವು. ಅವುಗಳಲ್ಲಿ .303 ರೈಫಲುಗಳಿದ್ದವು, ಒಂದು ಎಕೆ-56, ಒಂದು ಹನ್ನೆರಡು ಬೋರಿನ ಕೋವಿ, ಒಂದು ನಾಡ ಪಿಸ್ತೂಲೂ ಇದ್ದವು. ಮೊದಲ ನೋಟಕ್ಕೆ ಇದು ನನ್ನ ವಾದವನ್ನು ಮುರಿಯುವಂತೆ ಕಾಣುತ್ತದೆ. ಸ್ವಲ್ಪ ನಿಂತು ನೋಡಿದರೆ ಹಾಗಲ್ಲ. 1880ರ ದಶಕದ ಕೊನೆಯಲ್ಲಿ ಹುಟ್ಟಿದ .303 ತೋಟೆ 2025ರಲ್ಲೂ ಕಾಡಿನಲ್ಲಿ ಜೀವಂತವಾಗಿತ್ತೆಂದರೆ ಅದಕ್ಕೆ ಕಾರಣ ಅದು ಸೈನ್ಯದ, ಪೊಲೀಸರ ತೋಟೆಯಾಗಿದ್ದದ್ದು. ಸರ್ಕಾರ ಅದನ್ನು ಅಷ್ಟು ಕಾಲ, ಅಷ್ಟು ಪ್ರಮಾಣದಲ್ಲಿ ಮಾಡಿತು, ಹಾಗಾಗಿ ಸರ್ಕಾರದ ವಿರುದ್ಧ ನಿಂತವರಿಗೂ ಅದು ಸಿಗುವಂತಿತ್ತು. 1907ರ ಆಜ್ಞೆ ಬರೆದವರು ಹೆದರಿದ್ದು ಇದಕ್ಕೇ. ನಿಯಮ ಸೋತಿತು ಎನ್ನುವುದಕ್ಕಿಂತ ನಿಯಮದ ಹಿಂದಿನ ತಿಳಿವಳಿಕೆ ಸರಿಯಿತ್ತು ಎನ್ನುವುದನ್ನು ಜಯಪುರದ ಕಾಡು ತೋರಿಸಿತು. ಇದನ್ನು ಒಪ್ಪಿಕೊಂಡ ಮೇಲೆ, ವಸಾಹತುಶಾಹಿ ಸರ್ಕಾರ ಪ್ರಜೆಗಳ ಮೇಲಿನ ಅಪನಂಬಿಕೆಯಿಂದ ಮಾಡಿದ ನಿಯಮವೊಂದು ಪ್ರಜಾಸರ್ಕಾರಕ್ಕೂ ಬೇಕಾಯಿತು ಎಂಬ ಕಹಿ ಮಾತನ್ನೂ ಒಪ್ಪಬೇಕಾಗುತ್ತದೆ.

ಸಂಗ್ರಾಹಕರ ಆಕ್ಷೇಪಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಅವರ ಕಾಳಜಿ ಪ್ರಾಮಾಣಿಕವಾದದ್ದು. ನೂರು ವರ್ಷ ಹಳೆಯ ರಿವಾಲ್ವರ್ ಚರಿತ್ರೆಯ ವಸ್ತು, ಅದನ್ನು ಕದ್ದ ಕೋವಿಯ ಸಾಲಿಗೆ ಸೇರಿಸುವುದು ಅನ್ಯಾಯ ಎಂದು ಅವರು ಹೇಳುತ್ತಾರೆ. ಕಾಯಿದೆಯೂ ಈ ಮಾತಿಗೆ ಪೂರ್ತಿ ಕಿವುಡಲ್ಲ. 45ನೆಯ ಕಲಮಿನ ಪ್ರಕಾರ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ ದುರಸ್ತಿ ಮಾಡಿದರೂ ಹಾರದಂಥದ್ದಾದರೆ ಕಾಯಿದೆ ಅದಕ್ಕೆ ತಟ್ಟುವುದಿಲ್ಲ. ತೊಡಕಿರುವುದು ವಯಸ್ಸಿನಲ್ಲಲ್ಲ. .455 ತೋಟೆಯನ್ನು ಇಟಲಿಯ ಫಿಯೋಕ್ಕಿ ಕಂಪನಿ ನಮ್ಮ ಕಾಲದಲ್ಲೂ ತಯಾರಿಸಿದೆ. ತೋಟೆ ಸಿಗುವ ತನಕ 1915ರ ವೆಬ್ಲಿ ಹಳೆಯದಾದರೂ ಸತ್ತ ಆಯುಧವಲ್ಲ. ಇನ್ನು ಅದರ ಕಾಲದ ತೋಟೆಯ ಮಾತು. ತೋಟೆಯ ಹಿಂಬದಿಯ ಹಿತ್ತಾಳೆಯ ಬಿಲ್ಲೆ ಒಂದು ಪುಟ್ಟ ಶಾಸನವೇ ಸರಿ. ಪುಣೆ ಬಳಿಯ ಖಡ್ಕಿ ಕಾರ್ಖಾನೆಯದಾದರೆ ಅಲ್ಲಿ ಕೆ, ಎಫ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ, ಮಾದರಿಯ ರೋಮನ್ ಅಂಕಿ, ವರ್ಷದ ಗುರುತೂ ಇರುತ್ತವೆ. ಅದನ್ನು ಓದಿದರೆ ಯಾವ ಯುದ್ಧಕ್ಕಾಗಿ ಎಲ್ಲಿ ತಯಾರಾಯಿತು ಎಂಬುದು ತಿಳಿಯುತ್ತದೆ. ಕೆಲವು ಮಾದರಿಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಮಾಡಿದ, ಮೈಗೆ ತಾಗಿದೊಡನೆ ಅರಳುವ .303 ಗುಂಡಿನ ಮೇಲಿನ ಆಕ್ರೋಶ 1899ರ ಹೇಗ್ ಸಮ್ಮೇಳನಕ್ಕೆ ಹೋಯಿತು, ಅರಳುವ ಗುಂಡುಗಳು ಯುದ್ಧದಲ್ಲಿ ನಿಷಿದ್ಧವಾದವು. 1898ರಲ್ಲಿ ಬಂದಿದ್ದ ವೆಬ್ಲಿಯ ಮೂರನೆಯ ಮಾದರಿಯ ಟೊಳ್ಳು ಮೂತಿಯ ಗುಂಡೂ ಅದರ ಬೆನ್ನಿಗೆ ಮೂಲೆ ಸೇರಿತು. ಇಂಥ ವಸ್ತುವನ್ನು ಕಾಪಾಡಬೇಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಮದ್ದು ತುಂಬಿದ ಹಳೆ ತೋಟೆ ಮನೆಯ ಕಪಾಟಿನಲ್ಲಿ ಕೂಡಿಡುವ ವಸ್ತುವಲ್ಲ. ಮದ್ದು ವರ್ಷ ಕಳೆದಂತೆ ಒಳಗೇ ಕೆಡುತ್ತದೆ, ಹಿತ್ತಾಳೆ ಸೀಳುತ್ತದೆ, ಹಳೆಯ ಕೇಪಿನ ರಾಸಾಯನಿಕವನ್ನು ನಂಬಲಾಗದು, ಮಲೆನಾಡಿನ ಥಂಡಿ ಇದನ್ನೆಲ್ಲ ಚುರುಕುಗೊಳಿಸುತ್ತದೆ. ನಮ್ಮ ಕಾನೂನಿನಲ್ಲಂತೂ ತೋಟೆ ತೋಟೆಯೇ, ಕೋವಿಯಿಲ್ಲದೆ ಬರೀ ತೋಟೆ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು. ವೆಬ್ಲಿ ಮತ್ತು ಅದರ ಪೊಟ್ಟಣ ಸಂಗ್ರಹಾಲಯದ ಗಾಜಿನ ಹಿಂದೆ, ಮದ್ದು ತೆಗೆದು, ವಿವರ ಬರೆದು ಇರಬೇಕಾದವು. ಖಾಸಗಿ ಹವ್ಯಾಸಕ್ಕೆ ಅವನ್ನು ಬಿಟ್ಟುಕೊಡದ ನಿಯಮವನ್ನು ನಾನು ವಿರೋಧಿಸಲಾರೆ.

ನನ್ನ ಸಂಕಟ ಬೇರೆ ಕಡೆಯಿದೆ. ವೆಬ್ಲಿಗಾಗಿ ಕೊರಗುವವರು ದೇಶದ ತುಂಬ ಇದ್ದಾರೆ, ಕೇಪಿನ ಕೋವಿಗಾಗಿ ಕೊರಗುವವರು ಕಾಣುತ್ತಿಲ್ಲ. ನಿಯಮ ನಮ್ಮ ಪಾಲಿಗೆ ಬಿಟ್ಟ ಆಯುಧ ಅದು, ಈ ಸೀಮೆಯ ಚರಿತ್ರೆ ಇರುವುದು ಅದರಲ್ಲಿ. ಈಗ ಅದೇ ಕರಗುತ್ತಿದೆ. 1972ರ ವನ್ಯಜೀವಿ ಕಾಯಿದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಸೇರಿ ಶಿಕಾರಿಯನ್ನು ಮುಗಿಸಿದವು, ಅದು ಮುಗಿಯಬೇಕಾದದ್ದೇ. ಆ ಕಾಯಿದೆಯ 34ನೆಯ ಕಲಮಿನಂತೆ ಅಭಯಾರಣ್ಯದ 10 ಕಿಲೋಮೀಟರ್ ಒಳಗಿನ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ಬರೆಸಬೇಕು, ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ನರಸಿಂಹರಾಜಪುರದ ಮಗ್ಗುಲಲ್ಲಿ ಭದ್ರಾ, ಶೃಂಗೇರಿಯ ಬೆನ್ನಿಗೆ ಕುದುರೆಮುಖ. ಅಂಚಿನ ಹಳ್ಳಿಗಳೆಲ್ಲ ಈ ಲೆಕ್ಕಕ್ಕೆ ಬಂದವು. 2019ರ ತಿದ್ದುಪಡಿ ಒಬ್ಬರಿಗೆ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಬಳುವಳಿಯಾಗಿ ಬಂದದ್ದೂ ಈ ಲೆಕ್ಕದಲ್ಲೇ ಸೇರುತ್ತದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸುವ ಸರದಿ, ಅಡಿಕೆ ಕಾಯಿ ಬಲಿಯುವ ಹೊತ್ತಿಗೆ ಮಂಗಗಳ ಹಿಂಡಿನೆದುರು ಬೆಳೆಗಾರನ ಕೈಯಲ್ಲಿ ಉಳಿಯುವುದು ಗರ್ನಾಲು ಮಾತ್ರ. ಹೀಗಿರುವಾಗ ಯಜಮಾನ ತೀರಿಕೊಂಡ ಮನೆಯಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಅಜ್ಜನ ಕೇಪಿನ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ತಾಪತ್ರಯಕ್ಕೆ ಯಾಕೆ ಹೋದಾರು? ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಹಾಗೆ ಒಪ್ಪಿಸಿದ್ದು ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಸರ್ಕಾರಕ್ಕೆ ಸೇರುತ್ತದೆ, ಒಂದು ದಿನ ಕತ್ತರಿಸಿ ಗುಜರಿಯಾಗುತ್ತದೆ. ನಳಿಗೆಯ ಮೇಲಿನ ಅಚ್ಚು, ಹಿಡಿಯ ಮರದ ಕೆತ್ತನೆ, ಊರ ಕಮ್ಮಾರ ಹಾಕಿದ ತೇಪೆ, ಲೈಸೆನ್ಸ್ ಪುಸ್ತಕದಲ್ಲಿ ವರ್ಷವರ್ಷವೂ ಬಿದ್ದ ಮೊಹರು, ಯಾವುದನ್ನೂ ಯಾರೂ ಬರೆದಿಟ್ಟುಕೊಂಡಿರುವುದಿಲ್ಲ.

ಬರೆದಿಡಲು ಸಾಧ್ಯ ಎಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಕೆಳದಿ ಅರಸರ ಬಿದನೂರಿನಲ್ಲಿ, 2018ರಲ್ಲಿ ಹಳೆಯ ಬಾವಿಯೊಂದರ ಕೆಸರಿನಿಂದ ಸುಮಾರು ಸಾವಿರ ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಒಂದೊಂದೂ ಗೇಣುದ್ದದ್ದು, ಹೈದರ್–ಟಿಪ್ಪು ಕಾಲದ್ದು. ಅವು ಬಾವಿಯ ಮಾಲೀಕರ ಶೋಕೇಸಿಗೂ ಹೋಗಲಿಲ್ಲ, ಗುಜರಿಗೂ ಹೋಗಲಿಲ್ಲ. ಪುರಾತತ್ವ ಇಲಾಖೆಯವರು ಎಣಿಸಿ, ಅಳೆದು, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿಟ್ಟರು. ಸೈನ್ಯದ ಹಳೆಯ ಮದ್ದುಗುಂಡಿನ ಇಷ್ಟು ದೊಡ್ಡ ಸಂಗ್ರಹ ಮಲೆನಾಡಿನಲ್ಲಿ ಖಾಸಗಿ ಹವ್ಯಾಸದಿಂದ ಆಗುವಂತೆಯೇ ಇರಲಿಲ್ಲ. ರಾಕೆಟ್ಟಿಗೆ ಮಾಡಿದ್ದನ್ನು ಕೇಪಿನ ಕೋವಿಗೂ ಮಾಡಲು ಹೊಸ ಕಾಯಿದೆ ಬೇಕಿಲ್ಲ. ಠಾಣೆಯಲ್ಲಿ ವಾರಸುದಾರರಿಲ್ಲದೆ ಉಳಿದ ಕೋವಿಗಳನ್ನು ಕತ್ತರಿಸುವ ಮುನ್ನ ಜಿಲ್ಲಾಡಳಿತ ಅವುಗಳ ಚಿತ್ರ ತೆಗೆಸಬಹುದು, ನಳಿಗೆಯ ಅಚ್ಚು, ಉದ್ದ, ಬೋರು ಬರೆಸಬಹುದು. ಒಂದೊಂದು ಬಗೆಯದನ್ನು ಹಾರದಂತೆ ಮಾಡಿ ಸಂಗ್ರಹಾಲಯಕ್ಕೆ ಕಳಿಸಬಹುದು. ಹಳೆಯ ಲೈಸೆನ್ಸ್ ರಿಜಿಸ್ಟರುಗಳನ್ನು ರದ್ದಿಗೆ ಹಾಕದೆ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬಹುದು. ಯಾವ ಗ್ರಾಮದಲ್ಲಿ ಯಾವ ವರ್ಷ ಎಷ್ಟು ಕೇಪಿನ ಕೋವಿ, ಎಷ್ಟು ತೋಟೆ ಕೋವಿ, ಯಾವ ಜಾತಿಯ, ಎಷ್ಟು ಹಿಡುವಳಿಯ ಮನೆಗಳಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಆ ರಿಜಿಸ್ಟರುಗಳಿಂದ ತಿಳಿಯಬಹುದಾದ ಸಂಗತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕೃಷಿಯ ಮತ್ತು ಅಧಿಕಾರದ ಚರಿತ್ರೆ ಬರೆಯುವವರಿಗೆ ನೂರು ವೆಬ್ಲಿಗಳಿಗಿಂತ ಹೆಚ್ಚಿನ ಸರಕು ಅಲ್ಲಿದೆ. ಆ ಕೆಲಸ ಶುರುವಾಗಬೇಕಾದದ್ದು ಮುಂದಿನ ಚುನಾವಣೆಗೆ ಕೋವಿಗಳು ಮತ್ತೆ ಠಾಣೆಗಳಲ್ಲಿ ಒಟ್ಟಾಗುವ ಹೊತ್ತಿಗೆ.